ಸಾಕು ಎಂದರೆ ಹಾಕು

ನಮ್ಮ ಸೀಮೆಯ ಊರುಗಳನ್ನು ಕಣ್ಣು ಮುಚ್ಚಿಕೊಂಡು, ಬರೀ ಕಿವಿಯಿಂದಲೇ ಗುರುತಿಸಬಹುದು. ಹೊರಗಿನವರಿಗೆ ಇದು ಬಡಾಯಿ ಎನಿಸೀತು. ಇಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತು. ರಾತ್ರಿ ಎರಡು ಗಂಟೆಗೂ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ತಾಕಿ ಧಡಲ್ ಎನ್ನುತ್ತಿದ್ದರೆ ಅದು ವಾಡಿ. 1874ರಲ್ಲಿ ನಿಜಾಮರ ರೈಲುದಾರಿ ಸಿಕಂದರಾಬಾದಿನಿಂದ ಬಂದು ಮುಂಬೈ–ಮದ್ರಾಸ್ ದಾರಿಯನ್ನು ಇಲ್ಲಿ ಕೂಡಿಕೊಂಡಿತು. ಅಂದಿನಿಂದ ಆ ಊರಿಗೆ ನಿದ್ದೆ ಎಂಬುದಿಲ್ಲ. ಕಲ್ಲಿನ ಮೇಲೆ ಉಳಿ ಬೀಳುವ ಟಕಟಕ, ನಡುನಡುವೆ ಫರ್ಸಿ ಕೊಯ್ಯುವ ಮಷಿನ್ನಿನ ಕಿರ್ರೆನ್ನುವ ಸದ್ದು ಬಂದರೆ ಶಹಾಬಾದ. ನೆಲದೊಳಗಿಂದ ಎದ್ದು ಬಂದಂಥ ಗುಂಯ್‌ಗುಡುವಿಕೆ, ನಾಲ್ಕು ದಿನ ಇದ್ದವರಿಗೆ ಕೇಳಿಸದೆ ಹೋಗಿ ನಿಂತ ದಿನ ಮಾತ್ರ ಎಚ್ಚರ ಮಾಡುವಂಥದು, ಸುಣ್ಣದ ಕಲ್ಲು ಅರೆಯುವ ಸೇಡಂ ಕಡೆಯದು. ಚಿತ್ತಾಪುರ ಇವರ ನಡುವೆ ಸಂಭಾವಿತ. ಅಲ್ಲಿ ಜನ ಮಾತಾಡುವುದು ಕೇಳಿಸುತ್ತದೆ. ಚಿಂಚೋಳಿಯಲ್ಲಿ ಕಾಡಿನ ಎಲೆ ಅಲುಗುವುದೂ ಕೇಳಿಸುತ್ತದೆ, ಅಷ್ಟರಲ್ಲಿ ಬೀದರಿನ ವಾಯುಸೇನೆಯ ತರಬೇತಿ ವಿಮಾನವೊಂದು ಆಕಾಶವನ್ನು ಬಟ್ಟೆಯ ಹಾಗೆ ಹರಿದುಕೊಂಡು ಹೋಗುತ್ತದೆ. ತಲೆ ಎತ್ತಿ ನೋಡಿದರೆ ಸದ್ದು ಒಂದು ಕಡೆ, ವಿಮಾನ ಇನ್ನೊಂದು ಕಡೆ.

ಸದ್ದನ್ನು ಕುರಿತು ನಾನು ಇಷ್ಟು ಯೋಚಿಸಲು ನನ್ನ ತಮ್ಮನ ಮಗಳು ಕಾರಣ. ನಾನು ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ವಿಜ್ಞಾನ ಕಲಿಸುವವಳು. ವಿಜ್ಞಾನದ ಮಾಸ್ತರರು ರಜೆ ಹಾಕಿದ ದಿನ ಅವರ ತಾಸು ನನ್ನ ಕೊರಳಿಗೆ ಬೀಳುವುದುಂಟು. ವಿಜ್ಞಾನದ ಜೊತೆ ನನ್ನ ಸಂಬಂಧ ಅಷ್ಟೇ. ಹುಡುಗಿ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಏನು ಓದುತ್ತಾಳೆ ಎಂದು ಓಣಿಯವರು ಕೇಳಿದಾಗ ಹೇಳಲಿಕ್ಕೆ ನನಗೊಂದು ಉತ್ತರ ಬೇಕಾಗಿತ್ತು.

"ಜೆಟ್ಟಿನ ಆವಾಜು ಲೆಕ್ಕ ಮಾಡ್ತೀನಿ ಅತ್ತಿ. ಶಬ್ದಕ್ಕಿಂತ ಜೋರು ಓಡೋ ಗಾಳಿ ಇರ್ತದಲ್ಲ, ಅದರ ಆವಾಜು. ಕಂಪ್ಯೂಟರಿನ್ಯಾಗ" ಎಂದಳು.

"ಆವಾಜು ಕೇಳೋದು ಬಿಟ್ಟು ಲೆಕ್ಕ ಯಾಕ ಮಾಡ್ತೀಯವ್ವಾ?" ಎಂದೆ. ಆಕೆ ನಕ್ಕಳು. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲು ಆಕೆಗೆ ಎರಡು ದಸರಾ ರಜೆ, ಒಂದು ಬೇಸಿಗೆ ಹಿಡಿದವು.

ಶಬ್ದಕ್ಕಿಂತ ವೇಗವಾಗಿ ಹೋಗುವುದಕ್ಕೆ ಪುಸ್ತಕದಲ್ಲಿ ಶಬ್ದಾತೀತ ಎಂದು ಬರೆಯುತ್ತಾರೆ. ಕನ್ನಡ ಕಲಿಸುವ ನನಗೆ ಆ ಪದ ಕಂಡರೆ ನೆನಪಾಗುವವರು ಅನುಭಾವಿಗಳು. ಮಾತಿಗೆ ಸಿಗದ್ದು, ಮೌನದಲ್ಲಿ ಮಾತ್ರ ತಿಳಿಯುವುದು ಅವರ ಶಬ್ದಾತೀತ. ವಿಮಾನದವರ ಶಬ್ದಾತೀತಕ್ಕೆ ಮೌನದ ಸಂಗಡ ಯಾವ ನೆಂಟಸ್ತನವೂ ಇಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಅದನ್ನು ಮೀರಿ ಓಡುವ ವಿಮಾನದಿಂದ ನೆಲಕ್ಕೆ ಬರುವ ಧಡಾಕು ಒಂದು ಬಗೆ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಜನ ಕಿಟಕಿ ನಡುಗಿ ಹೊರಗೆ ಓಡಿಬಂದರಲ್ಲ, ಅದು ಅಂಥದು; ವಾಯುಸೇನೆಯ ಪರೀಕ್ಷಾ ಹಾರಾಟವೆಂದು ಆಮೇಲೆ ತಿಳಿಯಿತು. ನನ್ನ ಸೊಸೆಯ ಲೆಕ್ಕ ಅದರದಲ್ಲ. ವಿಮಾನ ನಿಂತಲ್ಲೇ ನಿಂತಿದ್ದರೂ ಅದರ ಎಂಜಿನ್ನಿನ ಬಾಯಿಂದ ಹೊರಬೀಳುವ ಬಿಸಿ ಗಾಳಿಯ ಧಾರೆ ಶಬ್ದವನ್ನು ಮೀರಿ ಓಡಬಹುದು. ರಾಕೆಟ್ಟಿನ ಬಾಲದ ಬೆಂಕಿ ಅಂಥದೇ. ಆ ಧಾರೆ ಮಾಡುವ ಗದ್ದಲವೇ ಆಕೆಯ ವಿಷಯ.

ಧಾರೆ ಯಾಕೆ ಗದ್ದಲ ಮಾಡಬೇಕು? ಮಳೆಗಾಲದಲ್ಲಿ ಮಳಖೇಡದ ಕೋಟೆಯ ಪಕ್ಕದಲ್ಲಿ ಕಾಗಿಣಾ ಹರಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಸೇತುವೆಯ ಕಂಬ ದಾಟಿದ ಕೂಡಲೇ ನೀರು ಸುಳಿ ಕಟ್ಟುತ್ತದೆ. ದೊಡ್ಡ ಸುಳಿ ಒಡೆದು ಸಣ್ಣದಾಗುತ್ತದೆ, ಸಣ್ಣದು ಒಡೆದು ಇನ್ನೂ ಸಣ್ಣದಾಗುತ್ತದೆ, ಕಡೆಗೆ ಬೆರಳ ತುದಿಯಷ್ಟೂ ಉಳಿಯದೆ ಕರಗುತ್ತದೆ. ಒಂದು ಸುಳಿ ಇನ್ನೊಂದರಂತೆ ಇರುವುದಿಲ್ಲ. ತಿಳಿಯಾಗಿ ಸಾಗುತ್ತಿದ್ದ ಹರಿವು ವೇಗ ಹೆಚ್ಚಿದಾಗ ಹೀಗೆ ಕದಡಿಹೋಗುವುದನ್ನು 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣ ಬಿಟ್ಟು ತೋರಿಸಿದ. ನಿಂತ ಗಾಳಿಗೆ ಓಡುವ ಗಾಳಿ ನುಗ್ಗಿದಾಗಲೂ ಅದೇ ಆಗುತ್ತದೆ. ಸುಳಿಗಳು ಗಾಳಿಯನ್ನು ಎಳೆದು, ತಿರುಚಿ, ಹಿಂಡುತ್ತವೆ. ಆ ಹಿಂಡಾಟದ ಒಂದು ಪಾಲು ಒತ್ತಡದ ಅಲೆಯಾಗಿ ದೂರ ಹೋಗುತ್ತದೆ. ಅದನ್ನೇ ನಾವು ಸದ್ದು ಎನ್ನುತ್ತೇವೆ.

ಜೇಮ್ಸ್ ಲೈಟ್‌ಹಿಲ್ ಎಂಬ ಇಂಗ್ಲೆಂಡಿನ ಗಣಿತಜ್ಞ 1952ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟ. ಶಬ್ದದಷ್ಟು ವೇಗವಿಲ್ಲದ ಧಾರೆಯ ಸದ್ದಿನ ಶಕ್ತಿ ಅದರ ವೇಗದ ಎಂಟನೆಯ ಘಾತದಂತೆ ಏರುತ್ತದೆ. ಗಾಬರಿಯಾಗಬೇಡಿ. ವೇಗ ಎರಡು ಪಟ್ಟಾದರೆ ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ: ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ನಾಲ್ಕು, ನೂರಿಪ್ಪತ್ತೆಂಟು, ಇನ್ನೂರೈವತ್ತಾರು. ವೇಗ ಎರಡು ಪಟ್ಟು, ಸದ್ದು 256 ಪಟ್ಟು! ತಿರುಗಿಸಿ ಹೇಳಿದರೆ, ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು 256ರಲ್ಲಿ ಒಂದು ಪಾಲಾಗುತ್ತದೆ. ಇಂದಿನ ಪ್ರಯಾಣಿಕ ವಿಮಾನಗಳ ಎಂಜಿನ್ನಿನ ಬಾಯಿ ಹಂಡೆಯಂತೆ ಅಗಲವಾಗಿರುವುದರಲ್ಲಿ ಈ ಲೆಕ್ಕವೂ ಇದೆ. ಸ್ವಲ್ಪ ಗಾಳಿಯನ್ನು ಜೋರಾಗಿ ದಬ್ಬುವ ಬದಲು ಬಹಳ ಗಾಳಿಯನ್ನು ಮೆಲ್ಲಗೆ ದಬ್ಬುತ್ತವೆ. ಈ ಗುಣಾಕಾರವನ್ನು ನಾನು ಒಮ್ಮೆ ಎಂಟನೆಯ ಇಯತ್ತೆಯ ಹಲಗೆಯ ಮೇಲೆ ಬರೆದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ, "ಅಂದ್ರ ನಾವು ಅರ್ಧ ಜೋರಿಲೆ ಓಡಾಡಿದ್ರ ಸಾಲ್ಯಾಗ ಗದ್ದಲ ಆಗಂಗಿಲ್ಲೇನ್ರಿ ಬಾಯಿಯೋರೆ?" ಎಂದು ಕೇಳಿದ. ಲೈಟ್‌ಹಿಲ್ ನಮ್ಮ ಶಾಲೆಯ ವರಾಂಡಕ್ಕೂ ಅನ್ವಯಿಸಬಹುದೆಂದು ನನಗೆ ಹೊಳೆದಿರಲಿಲ್ಲ.

ಸೂತ್ರ ಇದ್ದ ಮೇಲೆ ಗಣಕಯಂತ್ರ ಯಾಕೆ ಬೇಕು? ಸೂತ್ರ ಹೇಳುವುದು ಒಟ್ಟು ಮೊತ್ತ. ಯಾವ ಸುಳಿ ಯಾವ ಕಡೆಗೆ ಯಾವ ಸ್ವರದಲ್ಲಿ ಕೂಗಿತು, ಬಾಯಿಯ ಆಕಾರ ಬದಲಿಸಿದರೆ ಕೂಗು ತಗ್ಗೀತೇ ಎಂದು ಅದು ಹೇಳಲಾರದು. ಅದಕ್ಕಾಗಿ ಧಾರೆಯನ್ನೇ ಯಂತ್ರದೊಳಗೆ ಹರಿಸಬೇಕು. ಅದು ಹೇಗೆಂದು ನನಗೆ ತಿಳಿದದ್ದು ಚುಕ್ಕಿ ರಂಗೋಲಿಯಿಂದ. ಧಾರೆ ಇರುವ ಜಾಗದಲ್ಲಿ ಚುಕ್ಕಿ ಇಡುತ್ತ ಹೋಗುವುದು. ಅಂಗಳದಲ್ಲಿ ಉದ್ದಕ್ಕೂ ಅಗಲಕ್ಕೂ ಇಡುತ್ತೇವೆ, ಅವರು ಎತ್ತರಕ್ಕೂ ಇಡುತ್ತಾರೆ. ಮೂರೂ ಕಡೆಗೆ ಸಾವಿರ ಸಾವಿರ ಚುಕ್ಕಿ ಇಟ್ಟರೆ ನೂರು ಕೋಟಿಯಾಯಿತು. ಒಂದೊಂದು ಚುಕ್ಕಿಯಲ್ಲೂ ಗಾಳಿ ಯಾವ ಕಡೆಗೆ ಎಷ್ಟು ಓಡುತ್ತಿದೆ, ಒತ್ತಡ ಎಷ್ಟು, ಸಾಂದ್ರತೆ ಎಷ್ಟು ಎಂದು ಬರೆದಿಡುವುದು. ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿಕೊಂಡು, ಮುಂದಿನ ಕ್ಷಣ ಇಲ್ಲಿ ಏನಾದೀತು ಎಂದು ಹತ್ತೊಂಬತ್ತನೆಯ ಶತಮಾನದ ನೇವಿಯೆ ಮತ್ತು ಸ್ಟೋಕ್ಸ್ ಎಂಬವರ ಸಮೀಕರಣಗಳಿಂದ ಕಂಡುಹಿಡಿಯುವುದು. ಆ ಕ್ಷಣವಾದರೂ ಎಷ್ಟು? ಕಣ್ಣು ಮಿಟುಕಿಸುವ ಹೊತ್ತಿನಲ್ಲಿ ಲಕ್ಷ ಸಲ ಬರುವಷ್ಟು ಚಿಕ್ಕದು. ಇನ್ನೂ ನಯವಾದ ರಂಗೋಲಿ ಬೇಕೆಂದು ಚುಕ್ಕಿಗಳ ಅಂತರವನ್ನು ಅರ್ಧ ಮಾಡಿದರೆ ಚುಕ್ಕಿ ಎಂಟು ಪಟ್ಟು, ಕ್ಷಣಗಳು ಎರಡು ಪಟ್ಟು. ಕೆಲಸ ಹದಿನಾರು ಪಟ್ಟಾಯಿತು.

ಎಷ್ಟು ಚುಕ್ಕಿ ಇಟ್ಟರೂ ಅವುಗಳ ಸಂದಿಯಲ್ಲಿ ನುಸುಳುವಷ್ಟು ಸಣ್ಣ ಸುಳಿಗಳು ಇದ್ದೇ ಇರುತ್ತವೆ. ಅದಕ್ಕೊಂದು ಉಪಾಯ ಮಾಡಿದ್ದಾರೆ. ಮನೆ ಖರ್ಚಿನ ವಹಿಯಲ್ಲಿ ಜೋಳ, ಬೇಳೆ, ಎಣ್ಣೆ, ಹುಡುಗರ ಫೀಜು ಎಲ್ಲ ಬಿಡಿಬಿಡಿಯಾಗಿ ಬರೆದು, ಕೊತ್ತಂಬರಿ, ಬೆಂಕಿಪೆಟ್ಟಿಗೆಗಳನ್ನು 'ಚಿಲ್ಲರೆ' ಎಂದು ಒಟ್ಟಿಗೆ ಹಾಕುತ್ತೇವಲ್ಲ, ಹಾಗೆ. ದೊಡ್ಡ ಸುಳಿಗಳಿಗೆ ಒಂದೊಂದಕ್ಕೂ ಲೆಕ್ಕ; ಸಣ್ಣವಕ್ಕೆ ಒಟ್ಟು ಅಂದಾಜು. ಆದರೆ ಸದ್ದಿನ ಲೆಕ್ಕದಲ್ಲಿ ಈ ಚಿಲ್ಲರೆಯೂ ತುಂಬ ಜೋಪಾನ ಬೇಡುತ್ತದೆ. ಕಿವಿ ಹರಿಯುವಂಥ ಧಾರೆಯಲ್ಲೂ ಒಟ್ಟು ಶಕ್ತಿಯ ನೂರರಲ್ಲಿ ಒಂದು ಪಾಲೂ ಸದ್ದಾಗುವುದಿಲ್ಲ. "ಹ್ಯಾಂಗ ಅಂದ್ರ ಅತ್ತಿ, ಕಲ್ಲು ತುಂಬಿದ ಲಾರಿನ ಕಾಟಾದ ಮ್ಯಾಲ ನಿಲ್ಲಿಸಿ, ಡ್ರೈವರ್ ಬೆರಳಾಗಿನ ಉಂಗುರದ ತೂಕ ಹೇಳು ಅಂದಂಗ" ಎಂದಳು ಹುಡುಗಿ. ಕಾಟಾದ ಮುಳ್ಳು ಸ್ವಲ್ಪ ನಡುಗಿದರೂ ಉಂಗುರ ಹೋಯಿತು. ಲೆಕ್ಕದಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಆ ತಪ್ಪೇ ಸದ್ದಿನ ವೇಷ ಹಾಕಿಕೊಂಡು ಬಂದು ಕೂಡುತ್ತದೆ.

ಲೆಕ್ಕದ ಮಾತು ಬಂದಾಗ ನಾವು ತಲೆ ತಗ್ಗಿಸಬೇಕಾದ ಕಾರಣವಿಲ್ಲ. ಈಗ ಹಳ್ಳಿಯಾಗಿ ಕೂತಿರುವ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ' ಬರೆದ. ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯ ಘಟಿಕಾಸ್ಥಾನದಲ್ಲಿ ಪುಸ್ತಕ ಕಾಯಲೆಂದೇ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ಹೇಳುತ್ತದೆ. ಸಮಾಜ ವಿಜ್ಞಾನದ ತಾಸಿನಲ್ಲಿ ಇದನ್ನೆಲ್ಲ ಹೇಳಿ, ನಮ್ಮ ಶಾಲೆಯ ಗ್ರಂಥಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಮಕ್ಕಳು ಕೇಳುವ ಮೊದಲೇ ಪಾಠ ಮುಗಿಸಿಬಿಡುವುದು ನನ್ನ ರೂಢಿ.

ಹರಿವಿನ ಲೆಕ್ಕದ ಈಚಿನ ಚರಿತ್ರೆಯೂ ನಮ್ಮ ನಾಡಿನದೇ. ಸತೀಶ್ ಧವನ್ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ದೇಶದ ಮೊದಲ ಶಬ್ದಾತೀತ ಗಾಳಿ ಸುರಂಗವನ್ನು ಅಲ್ಲಿ ಕಟ್ಟಿದರು. ಅವರ ಶಿಷ್ಯರಾದ ರೊದ್ದಂ ನರಸಿಂಹ ಅವರು, ಕದಡಿದ ಹರಿವು ಮತ್ತೆ ತಿಳಿಯಾಗುವುದೂ ಉಂಟು ಎಂಬುದರ ಮೇಲೆ ಹೆಸರಾದ ಸಂಶೋಧನೆ ಮಾಡಿದವರು. ಮುಂಗಾರಿನ ಮೋಡವನ್ನೂ ಕಾಯಿಸಿದ ಧಾರೆಯಾಗಿ ನೋಡಬಹುದೆಂದು ಪ್ರಯೋಗಶಾಲೆಯ ನೀರಿನ ತೊಟ್ಟಿಯಲ್ಲಿ ತೋರಿಸಿದರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಕನ್ನಡದಲ್ಲಿ ವಿಜ್ಞಾನ ಬರೆದವರು. ಕನ್ನಡದ ಬಾಯಿಗೆ ಇದು ಸಂತೋಷದ ಮಾತು. ನರಸಿಂಹ ಅವರು ಬೆಂಗಳೂರಿನ ವಿಮಾನ ಸಂಶೋಧನಾಲಯದ, ಅಂದರೆ ಎನ್.ಎ.ಎಲ್.ನ ನಿರ್ದೇಶಕರಾಗಿದ್ದ ಕಾಲದಲ್ಲಿ ಹೊರದೇಶದ ಸೂಪರ್ ಕಂಪ್ಯೂಟರ್ ನಮಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಕೊಡದಿದ್ದರೆ ಬೇಡ ಎಂದು ಯು. ಎನ್. ಸಿನ್ಹಾ ಮತ್ತು ಸಂಗಡಿಗರು 1986ರಲ್ಲಿ ಸಣ್ಣ ಪ್ರೊಸೆಸರುಗಳನ್ನು ಜೋಡಿಸಿ, ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ 'ಫ್ಲೋಸಾಲ್ವರ್' ಯಂತ್ರ ಕಟ್ಟಿದರು. ಹತ್ತು ಹೆಂಗಸರು ಕೂಡಿ ಒಂದು ಮದುವೆಯ ಹೋಳಿಗೆ ಮಾಡಿದ ಹಾಗೆ. ಅಲ್ಲಿಂದ ದಾರಿ ಬಹಳ ದೂರ ಬಂದಿದೆ. 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧಕರು ಹತ್ತು ಲಕ್ಷಕ್ಕೂ ಮೀರಿದ ಪ್ರೊಸೆಸರ್ ಕೋರ್‌ಗಳನ್ನು ಒಟ್ಟಿಗೆ ದುಡಿಸಿ ಲೆಕ್ಕ ಮಾಡಿದ್ದು ಶಬ್ದಾತೀತ ಜೆಟ್ಟಿನ ಸದ್ದನ್ನೇ. 2022ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೂತ 'ಪರಮ್ ಪ್ರವೇಗ' ಯಂತ್ರದ ಸಾಮರ್ಥ್ಯ 3.3 ಪೆಟಾಫ್ಲಾಪ್, ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಮಹಾವೀರಾಚಾರ್ಯನೂ ಒಮ್ಮೆ ಕುಳಿತು ಯೋಚಿಸಬೇಕಾದ ಸಂಖ್ಯೆ.

ಶಬ್ದಾತೀತ ಧಾರೆಗೆ ಇನ್ನೊಂದು ವಿಶೇಷವಿದೆ. ಒಳಗಿನ ಒತ್ತಡ ಹೊರಗಿನದಕ್ಕೆ ಹೊಂದದೆ ಇದ್ದಾಗ ಧಾರೆ ಉಬ್ಬುತ್ತದೆ, ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ. ರಾಕೆಟ್ಟಿನ ಬೆಂಕಿಯಲ್ಲಿ ಮಣಿಸರದಂತೆ ಕಾಣುವುದು ಇದೇ. ಸುಳಿಗಳು ಈ ಮಣಿಗಳನ್ನು ದಾಟುವಾಗ ಕೂಗುತ್ತವೆ. ಆ ಕೂಗು ಹಿಂದಕ್ಕೆ ಓಡಿ ಧಾರೆಯ ಬಾಯಿಯ ಅಂಚಿಗೆ ಬಡಿದು ಹೊಸ ಸುಳಿಯನ್ನು ಎಬ್ಬಿಸುತ್ತದೆ; ಅದು ಹೋಗಿ ಮತ್ತೆ ಕೂಗುತ್ತದೆ. ಜಾತ್ರೆಯಲ್ಲಿ ಮೈಕು ಸ್ಪೀಕರಿನ ಎದುರಿಗೆ ಬಂದಾಗ ಕುಂಯ್ಯೆಂದು ಚೀರುವುದಲ್ಲ, ಅದರ ಜಾತಿಯದು. ಅಲನ್ ಪೊವೆಲ್ ಎಂಬ ವಿಜ್ಞಾನಿ 1953ರಲ್ಲಿ ಈ ಚೀರುವಿಕೆಯ ಗುಟ್ಟು ಬಿಡಿಸಿದ.

ಇಲ್ಲಿಯವರೆಗೆ ಕೇಳುತ್ತ ಬಂದ ನಾನು ಇದೆಲ್ಲ ಆಕಾಶದ ವ್ಯವಹಾರ ಎಂದುಕೊಂಡು ಹೂಂಗುಡುತ್ತಿದ್ದೆ. ಆಗ ಆಕೆ ತೀರ ಸಹಜವಾಗಿ ಹೇಳಿದಳು: "ಇದಕ್ಕ ವಿಮಾನನೇ ಬೇಕಂತಿಲ್ಲ ಅತ್ತಿ. ಒಳಗಿನ ಪ್ರೆಶರು ಹೊರಗಿಂದಕ್ಕಿಂತ ಎರಡು ಪಟ್ಟಿನ ಹತ್ರ ಆದ್ರ ಸಾಕು, ತೂತಿನ ಬಾಯಾಗ ಗಾಳಿ ಶಬ್ದದ ವೇಗ ಮುಟ್ಟತದ. ಕುಕ್ಕರಿನ ಸೀಟಿ ಅದರ ಅಂಚಿನ್ಯಾಗೇ ಅದ. ಅಪ್ಪಾರ ಕಂಪ್ರೆಸರ್ ಪೈಪು ಅದನ್ನ ದಾಟಿದ್ದು."

ನನ್ನ ತಮ್ಮ ಇಪ್ಪತ್ತೆಂಟು ವರ್ಷ ಒಂದು ಕಾರ್ಖಾನೆಯ ಕಂಪ್ರೆಸರ್ ಮನೆಯಲ್ಲಿ ದುಡಿದ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಏಳು ಕೆ.ಜಿ. ಪ್ರೆಶರಿನ ಗಾಳಿ ಅಲ್ಲಿಂದ ಪೈಪುಗಳಲ್ಲಿ ಎಲ್ಲ ಕಡೆಗೆ ಹೋಗುತ್ತಿತ್ತು. ದಿನಕ್ಕೆ ಎಷ್ಟೋ ಸಲ ವಾಲ್ವು ಬಿಟ್ಟು ಗಾಳಿ ಹೊರಹಾಕಬೇಕು. ಪಾಳಿ ಮುಗಿದಾಗ ಅದೇ ಪೈಪನ್ನು ಮೈಗೆ ಹಿಡಿದು ಬಟ್ಟೆಯ ಧೂಳು ಹಾರಿಸಿಕೊಳ್ಳುವುದು ಎಲ್ಲರ ರೂಢಿ. ಪೈಪಿನ ಬಾಯಿಂದ ಬರುವ ಆ ಚೀತ್ಕಾರ ವಿಜ್ಞಾನಿಗಳು ಹತ್ತು ಲಕ್ಷ ಕೋರ್ ಜೋಡಿಸಿ ಲೆಕ್ಕ ಮಾಡುವ ಧಾರೆಯ ಬಡ ಸಂಬಂಧಿ: ಅದೇ ಮಣಿಸರ, ಅದೇ ಸುಳಿ, ಅದೇ ಕೂಗು. ಕಿವಿಯಿಂದ ಒಂದು ಮಾರು ದೂರದಲ್ಲಿ.

ಅವನ ಕಿವಿ ಒಂದು ದಿನಕ್ಕೆ ಹೋದದ್ದಲ್ಲ. ಮೊದಲು ಟಿ.ವಿ. ಸದ್ದು ಏರಿತು. ಆಮೇಲೆ ಫೋನು ಬಂದರೆ ಹೆಂಡತಿಯ ಕೈಗೆ ಕೊಡತೊಡಗಿದ. ಮದುವೆಗಳಿಗೆ ಹೋಗುವುದು ಕಡಿಮೆಯಾಯಿತು. "ಅಲ್ಲಿ ಗದ್ದಲ ಭಾಳ" ಎನ್ನುತ್ತಿದ್ದ. ಗದ್ದಲದಲ್ಲೇ ಜೀವ ಸವೆಸಿದವನ ಬಾಯಲ್ಲಿ ಆ ಮಾತು ವಿಚಿತ್ರವಾಗಿ ಕೇಳುತ್ತಿತ್ತು. ಒಂದು ಹಬ್ಬದ ಊಟದಲ್ಲಿ ಅವನೇ ಬಡಿಸಲು ನಿಂತ. ನನ್ನ ಎಲೆಗೆ ಒಂದು ಹೋಳಿಗೆ ಹಾಕಿದ. "ಸಾಕು" ಎಂದೆ. ಇನ್ನೊಂದು ಹಾಕಿದ. "ಸಾಕೋ ತಮ್ಮಾ" ಎಂದೆ. ಮತ್ತೂ ಒಂದು. ಎಲ್ಲರೂ ನಕ್ಕರು, ಅವನೂ ನಕ್ಕ. ಅಕ್ಕನ ಮೇಲಿನ ಅಕ್ಕರೆ ಎಂದು ಎಲ್ಲರ ಭಾವನೆ. ಅವನಿಗೆ ಕೇಳಿಸಿದ್ದು 'ಹಾಕು'.

ಅಕ್ಷರ ಕಲಿಸುವವಳಾಗಿ ನನಗೆ ಇದರ ಮರ್ಮ ತಿಳಿದಾಗ ಎದೆ ಝಲ್ಲೆಂದಿತು. ಭಾರಿ ಸದ್ದಿಗೆ ಕಿವಿ ಒಮ್ಮೆಲೇ ಪೂರಾ ಮುಚ್ಚುವುದಿಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲ ಕಣಗಳು ಒಂದೊಂದು ಕಿವಿಗೆ ಸುಮಾರು ಹದಿನೈದು ಸಾವಿರ ಇರುತ್ತವೆ. ಸತ್ತವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳನ್ನು ಹಿಡಿಯುವ ಕಣಗಳಿಗೆ. ಮಾತಿನಲ್ಲಿ ಅಷ್ಟು ಎತ್ತರದಲ್ಲಿರುವುದು ವ್ಯಂಜನಗಳು, ಅದರಲ್ಲೂ ಸಕಾರ, ಶಕಾರ. ಅ, ಆ, ಉ, ಓ ಎಂಬ ಸ್ವರಗಳು ಕೆಳಗೆ ಸುರಕ್ಷಿತವಾಗಿರುತ್ತವೆ. ಹಾಗಾಗಿ ಅವನಿಗೆ ನಾವು ಮಾತಾಡುವುದು ಕೇಳುತ್ತದೆ, ಏನು ಮಾತಾಡಿದೆವು ಎಂಬುದು ತಿಳಿಯುವುದಿಲ್ಲ. ನಾವು ಕೂಗಿದರೆ ಸ್ವರಗಳಷ್ಟೇ ದೊಡ್ಡದಾಗುತ್ತವೆ. "ಯಾಕ ಒದರ್ತಿ? ನನಗ ಕೇಳಸ್ತದ" ಎಂದು ಅವನು ಸಿಟ್ಟಾಗುತ್ತಾನೆ; ಅದು ಸುಳ್ಳೂ ಅಲ್ಲ. ನಾನು ಒಂದನೆಯ ಇಯತ್ತೆಯಲ್ಲಿ ಕಾಗುಣಿತ ತಿದ್ದಿಸಿದ ತಮ್ಮ ಅವನು. ಅವನ ಕಿವಿಯಲ್ಲಿ ಆ ಕಾಗುಣಿತದ ತಲೆಕಟ್ಟು, ಕೊಂಬು, ದೀರ್ಘಗಳೆಲ್ಲ ಉಳಿದು ಅಕ್ಷರಗಳು ಅಳಿಸಿಹೋಗಿವೆ.

ಇದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ಅವನು ನೌಕರಿಯಲ್ಲಿದ್ದ ಕಾಲದ 1948ರ ಕಾರ್ಖಾನೆ ಕಾಯ್ದೆಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸದ್ದಿನಿಂದ ಬರುವ ಕಿವುಡೂ ಸೇರಿತ್ತು. ನಿಯಮದ ಪ್ರಕಾರ 90 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು, 95ರಲ್ಲಿ ನಾಲ್ಕು, 100ರಲ್ಲಿ ಎರಡು. ಅದಕ್ಕಿಂತ ಹೆಚ್ಚು ಹೊತ್ತು ಕಿವಿಗೆ ರಕ್ಷಣೆಯಿಲ್ಲದೆ ನಿಲ್ಲಿಸಕೂಡದು. ಆದರೆ ಕೈ ತುಂಡಾದರೆ ರಕ್ತ ಕಾಣುತ್ತದೆ, ಜನ ಕೂಡುತ್ತಾರೆ. ಕಿವಿ ಹೋಗುವಾಗ ರಕ್ತವೂ ಇಲ್ಲ, ನೋವೂ ಇಲ್ಲ. ವಯಸ್ಸಾಯಿತು ಎನ್ನುತ್ತಾರೆ, ನಲವತ್ತೈದಕ್ಕೇ. ಇಲ್ಲವೆ, ಅವನಿಗೆ ಮೊದಲಿನಿಂದಲೂ ಧ್ಯಾಸ ಕಡಿಮೆ ಎನ್ನುತ್ತಾರೆ. ನನ್ನ ತಮ್ಮನ ಯಾವ ಕಾಗದದಲ್ಲೂ ಕಿವಿಯ ಮಾತು ಬರೆದಿಲ್ಲ.

ಅಪ್ಪನ ಕಿವಿಗಾಗಿಯೇ ಮಗಳು ಈ ವಿದ್ಯೆ ಹಿಡಿದಳೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. "ಇಲ್ಲ ಅತ್ತಿ, ಗೈಡು ಕೊಟ್ಟ ವಿಷಯ ಇದು. ಶೀತಗಾಳಿ ಕೊಟ್ಟಿದ್ರ ಶೀತಗಾಳಿ ಮಾಡ್ತಿದ್ದೆ" ಎಂದಳು. ಕಥೆ ಬರೆಯುವವರಿಗೆ ನಿರಾಸೆಯಾಗಬಹುದು, ನನಗೆ ಆ ಉತ್ತರ ಹಿಡಿಸಿತು. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತು ಹೇಳಿದಳು. ಲೆಕ್ಕದಲ್ಲಿ ಧಾರೆಯ ಸುತ್ತ ಒಂದು ಕಾಣದ ಪರದೆ ಕಟ್ಟುತ್ತಾರಂತೆ; ಅದನ್ನು ದಾಟುವ ಅಲೆಗಳನ್ನು ಬರೆದುಕೊಂಡು, ಇಂತಿಷ್ಟು ದೂರದ ಕೇಳುಗನಿಗೆ ಎಷ್ಟು ಸದ್ದು ಎಂದು ಸೂತ್ರದಿಂದ ಹೇಳುತ್ತಾರೆ. ಕೇಳುಗನೆಂದರೆ ಒಂದು ಚುಕ್ಕಿ. ಹೆಸರಿಲ್ಲ, ಮುಖವಿಲ್ಲ. "ಆ ಚುಕ್ಕಿ ಎಲ್ಲಿ ಇಡಬೇಕಂತ ನಾವೇ ಠರಾಯಿಸಬೇಕು ಅತ್ತಿ" ಎಂದಳು.

ನನ್ನನ್ನು ಬಿಡದೆ ಕಾಡುವುದು ಆ ಚುಕ್ಕಿಯೇ. ವಿಮಾನ ನಿಲ್ದಾಣದ ಸುತ್ತಲಿನ ಮನೆಗಳಿಗಾಗಿ ಆ ಚುಕ್ಕಿಯನ್ನು ಇಟ್ಟು, ಎಂಜಿನ್ನಿನ ಬಾಯಿಗೆ ಗರಗಸದ ಹಲ್ಲಿನಂಥ ಅಂಚು ಮಾಡಿ ಸದ್ದು ತಗ್ಗಿಸಿದ್ದಾರೆ. ಬೋಯಿಂಗ್ 787 ವಿಮಾನದಲ್ಲಿ ಅದನ್ನು ಕಣ್ಣಾರೆ ನೋಡಬಹುದು. ವಿಮಾನ ಹೊತ್ತ ಹಡಗಿನ ಮೇಲೆ ನಿಲ್ಲುವ ನಾವಿಕರ ಕಿವಿ ಹೋಗುತ್ತಿದೆಯೆಂದು ಅಮೆರಿಕದ ನೌಕಾಪಡೆ ಈ ಸಂಶೋಧನೆಗೆ ಹಣ ಸುರಿದಿದೆ. ರಾಕೆಟ್ಟಿನ ಗರ್ಜನೆಗೆ ಉಪಗ್ರಹ ಬಿರುಕು ಬಿಡದಿರಲೆಂದು ಬೆಂಗಳೂರಿನ ಎನ್.ಎ.ಎಲ್.ನಲ್ಲಿ ಗರ್ಜನೆಯ ಕೋಣೆಯನ್ನೇ ಕಟ್ಟಿ, ಅದರ ಭಾಗಗಳನ್ನು ಅಲ್ಲಿಟ್ಟು ಪರೀಕ್ಷಿಸುತ್ತಾರೆ. ಒಳ್ಳೆಯದೇ. ಉಪಗ್ರಹಕ್ಕೂ ಕಿವಿಯಷ್ಟೇ ಕಾಳಜಿ ಬೇಕು. ಗಾಳಿ ಪೈಪಿನ ಹತ್ತಿರ ಆ ಚುಕ್ಕಿ ಇಡಲು ಮಾತ್ರ ಸೂಪರ್ ಕಂಪ್ಯೂಟರೂ ಬೇಕಿಲ್ಲ. ಒಂದು ದೊಡ್ಡ ತೂತಿನ ಬದಲು ಹಲವು ಸಣ್ಣ ತೂತುಗಳಿರುವ ಬಾಯಿ ಹಾಕಿದರೆ ಧಾರೆ ಬೇಗ ಸುತ್ತಲಿನ ಗಾಳಿಯಲ್ಲಿ ಬೆರೆತು ಸದ್ದು ಬಹಳ ಇಳಿಯುತ್ತದೆ. ಹೊರಬಿಡುವ ವಾಲ್ವಿಗೆ ಸೈಲೆನ್ಸರ್ ಕೂಡಿಸಬಹುದು. ಏನೂ ಇಲ್ಲದಿದ್ದರೆ ಕಿವಿಗೆ ಬೆಣೆ. ವಿದ್ಯೆ ಇದೆ, ಅದು ಬೆಂಗಳೂರಿನಿಂದ ನಮ್ಮ ಕಡೆಯ ರೈಲು ಹತ್ತಿಲ್ಲ.

ಹತ್ತನೆಯ ಇಯತ್ತೆ ಮುಗಿಸಿದ ನಮ್ಮ ಹುಡುಗರು ಐ.ಟಿ.ಐ.ಗೆ, ಕಲ್ಲಿನ ಗಣಿಗೆ, ಕಾರ್ಖಾನೆಗೆ ಹೋಗುತ್ತಾರೆ. ಬೀಳ್ಕೊಡುವ ದಿನ ಹಿತವಚನ ಹೇಳುವ ಪದ್ಧತಿಯಿದೆ. ಎರಡು ವರ್ಷದಿಂದ ನಾನು ಸತ್ಯ, ಪ್ರಾಮಾಣಿಕತೆಗಳನ್ನು ಮುಖ್ಯೋಪಾಧ್ಯಾಯರಿಗೆ ಬಿಟ್ಟುಕೊಟ್ಟು, ಕಿವಿಯ ಬಗ್ಗೆ ಐದು ನಿಮಿಷ ಮಾತಾಡುತ್ತೇನೆ. ಪಕ್ಕದಲ್ಲಿ ನಿಂತವನ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಅಲ್ಲಿ ಕಿವಿ ಸವೆಯುತ್ತಿದೆ ಎಂದು ತಿಳಿಯಿರಿ, ಬೆಣೆ ಕೇಳಿ ತೆಗೆದುಕೊಳ್ಳಿ, ನಾಚಬೇಡಿ ಎನ್ನುತ್ತೇನೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಗಲಿ. ನಾಲ್ಕು ಜನಕ್ಕೆ ನೆನಪಿದ್ದರೂ ಆಯಿತು.

ಕಳೆದ ದೀಪಾವಳಿಗೆ ಹುಡುಗಿ ಬಂದಾಗ ಲ್ಯಾಪ್‌ಟಾಪಿನಲ್ಲಿ ತನ್ನ ಲೆಕ್ಕದ ಚಿತ್ರ ತೋರಿಸಿದಳು. ಕಪ್ಪು ಬಯಲಿನಲ್ಲಿ ಕೆಂಪು ಹಳದಿ ಧಾರೆ, ಒಳಗೆ ಮಣಿಸರ, ಅಂಚಿನಲ್ಲಿ ಸುಳಿಗಳು, ಅವುಗಳಿಂದ ಓರೆಯಾಗಿ ಹೊರಡುವ ಬೂದು ಅಲೆಗಳು. ಸದ್ದಿಲ್ಲ. ತಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಬಣ್ಣ ಅದ, ಆವಾಜು ಎಲ್ಲಿ?" ಎಂದ. ಮಗಳು ಬೂದು ಗೆರೆಗಳನ್ನು ಬೆರಳಿನಿಂದ ತೋರಿಸಿದಳು. ಹಲವು ತೂತಿನ ಬಾಯಿಯ ಸಂಗತಿಯನ್ನು ಕಾಗದದ ಮೇಲೆ ಗೀಚಿ ವಿವರಿಸಿದಳು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಬೀಳ್ತದ ಅದಕ್ಕ?"

"ಒಂದು ಜೋಡು ಚಲೋ ಚಪ್ಪಲಿ ಬಂದಷ್ಟು ಅಪ್ಪಾ." ಅವಳು ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು, ಅವನು ಈಗ ತುಟಿ ನೋಡಿಯೇ ಅರ್ಧ ತಿಳಿಯುತ್ತಾನೆ.

ಅವನು ಮತ್ತೆ ಚಿತ್ರದ ಕಡೆಗೆ ತಿರುಗಿದ. ಸ್ವಲ್ಪ ಹೊತ್ತು ಬಿಟ್ಟು, ಕಿವಿ ಕೇಳದವರು ಮಾತಾಡುವ ದೊಡ್ಡ ದನಿಯಲ್ಲಿ, "ಇದರಾಗ ನಾ ಎಲ್ಲಿ ನಿಂತಿದ್ದೆ?" ಎಂದ.

ಮಗಳು ದೂರದ ಕೇಳುಗನ ಚುಕ್ಕಿಯ ಕಡೆಗೆ ನೋಡಲಿಲ್ಲ. ಅಲೆಗಳು ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆ, ಧಾರೆಯ ಬಣ್ಣಕ್ಕೆ ತೀರ ಹತ್ತಿರ ಬೆರಳಿಟ್ಟು, "ಇಲ್ಲಿ" ಎಂದಳು.